ತುದಿಯಾಳು ಬೆಲ್ಗಾಸೆಮ್

ನಮ್ಮ ದವಾಖಾನೆಯ ಗೋಡೆಗೆ ರಾಜಧಾನಿಯಿಂದ ಬಂದ ಒಂದು ದೊಡ್ಡ ಚಿತ್ರವನ್ನು ಅಂಟಿಸಿದ್ದಾರೆ. ನಡುವೆ ಒಬ್ಬ ನಗುವ ಮನುಷ್ಯ, ಅವನ ಸುತ್ತ ಡಾಕ್ಟರು, ನರ್ಸು, ಮಾತ್ರೆಯ ಡಬ್ಬಿ, ಒಂದು ಸೇಬುಹಣ್ಣು. ಕೆಳಗೆ ‘ನೀವೇ ಕೇಂದ್ರ’ ಎಂದು ಬರೆದಿದೆ. ಆ ಚಿತ್ರ ಬಂದ ವರ್ಷವೇ ಬೆಲ್ಗಾಸೆಮ್ ಎಂಬ ಮನುಷ್ಯನನ್ನು ನಾವೆಲ್ಲ ಸೇರಿ ಹಾಳುಮಾಡಿದೆವು. ಕೊಂದೆವು ಎನ್ನಲಾರೆ. ಅವನು ಬದುಕಿದ್ದಾನೆ, ಬುಧವಾರ ಬುಧವಾರ ಬರುತ್ತಾನೆ.

ನಾನು ಜಾಜಿಯಾ. ಮರಳುಗಾಡಿನಂಚಿನ ಖರ್ಜೂರದ ಊರಾದ ಐನ್ ಸೆದ್ರಾದ ಈ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು. ಸಕ್ಕರೆ ಕಾಯಿಲೆಯವರು, ಬೀಪಿಯವರು, ಎರಡೂ ಇರುವವರು, ಇವರ ಬುಧವಾರದ ಸಾಲು ನನ್ನದು. ನನ್ನ ಬಾಯಿ ಕೆಟ್ಟದ್ದು ಎಂದು ಊರು ಹೇಳುತ್ತದೆ. ಕೆಟ್ಟದ್ದೇ. ಬೆರಳಿಗೆ ಸೂಜಿ ಚುಚ್ಚಿದರೆ ‘ಅಯ್ಯೋ’ ಎನ್ನುವ ಗಂಡಸು ಮದುವೆ ಮನೆಯಲ್ಲಿ ಮೂರು ತಟ್ಟೆ ಮಕ್ರೂದ್ ಮಿಠಾಯಿ ಬಳಿದು ಬಂದಿರುವುದನ್ನು ಇಪ್ಪತ್ತಾರು ವರ್ಷ ನೋಡಿದರೆ ಯಾರ ಬಾಯಿ ಒಳ್ಳೆಯದಾಗಿ ಉಳಿಯುತ್ತದೆ? ಬುಧವಾರ ಬರುತ್ತದೆಂದು ಸೋಮವಾರದಿಂದ ಉಪವಾಸ ಕೂತು, ಪರೀಕ್ಷೆ ಪಾಸಾದವರ ಹಾಗೆ ಬೀಗುತ್ತ ಬರುತ್ತಾರೆ. ಮೋಸ ಮಾಡುವುದು ಯಾರಿಗೆ? ನನಗಾ? ನನ್ನ ಕಾಲಿನ ಬೆರಳು ಕೊಳೆಯುತ್ತದಾ?

ಬೆಲ್ಗಾಸೆಮ್ ಮಾತ್ರ ಆ ಜಾತಿಯವನಲ್ಲ. ಅವನು ಸುಳ್ಳು ಹೇಳಿದವನೇ ಅಲ್ಲ. ಅವನು ತುದಿಯಾಳು.

ನಮ್ಮಲ್ಲಿ ಖರ್ಜೂರದ ಗೊನೆಯನ್ನು ಕಡಿದು ಕೆಳಕ್ಕೆ ಬೀಳಿಸುವುದಿಲ್ಲ. ಬಿದ್ದರೆ ಹಣ್ಣು ಒಡೆದು ಮಣ್ಣುಪಾಲು. ಆರೇಳು ಗಂಡಸರು ಮರದ ಮೈಗೆ ಒಬ್ಬರ ಕೆಳಗೊಬ್ಬರು ಅಂಟಿಕೊಂಡು ನಿಲ್ಲುತ್ತಾರೆ. ಮೇಲಿನವನು ಕಡಿದು ಕೊಟ್ಟ ಗೊನೆ ಕೈಯಿಂದ ಕೈಗೆ ಇಳಿದು ಚಾಪೆಗೆ ಬರುತ್ತದೆ. ಎಲ್ಲರಿಗಿಂತ ಮೇಲೆ, ಗರಿಗಳ ಬುಡದಲ್ಲಿ, ಮುಳ್ಳುಗಳ ನಡುವೆ ಕುಡುಗೋಲು ಹಿಡಿದು ಕೂರುವವನೇ ತುದಿಯಾಳು. ಅವನ ಕೈ ಜಾರಿದರೆ ಕೆಳಗಿನ ಆರು ತಲೆಗೂ ಕುತ್ತು. ಅದಕ್ಕೇ ಸಿಕ್ಕಸಿಕ್ಕವರನ್ನು ತುದಿಗೆ ಹತ್ತಿಸುವುದಿಲ್ಲ. ಕುಡಿಯುವವನಿಗೆ ತುದಿಯಿಲ್ಲ, ಸುಳ್ಳು ಹೇಳುವವನಿಗೆ ಇಲ್ಲ, ಹೆಂಡತಿಯ ಜೊತೆ ಕಿತ್ತಾಡಿ ಬಂದವನಿಗೂ ಆ ದಿನ ಇಲ್ಲ. ತುದಿಯಾಳು ಮೊದಲ ಗೊನೆಗೆ ಕುಡುಗೋಲು ಇಡುವಾಗ ಪ್ರವಾದಿಗೆ ಸಲಾಮು ಹೇಳುತ್ತಾನೆ, ಕೆಳಗಿನವರು ದನಿಗೂಡಿಸುತ್ತಾರೆ. ಆ ದನಿ ತೋಟದಿಂದ ತೋಟಕ್ಕೆ ಕೇಳಿಸುತ್ತದೆ.

ಬೆಲ್ಗಾಸೆಮನ ಅಪ್ಪ ತುದಿಯಾಳು. ಅಪ್ಪನ ಕಣ್ಣು ಮಂಜಾದ ವರ್ಷ ಇಪ್ಪತ್ನಾಲ್ಕರ ಮಗನನ್ನು ತುದಿಗೆ ಕಳಿಸಿದರು. ಅಂದಿನಿಂದ ಮೂವತ್ತನಾಲ್ಕು ಸುಗ್ಗಿ ಅವನು ಅಲ್ಲಿಂದ ಇಳಿದಿಲ್ಲ. ಅವನದೆಂದು ಒಂದು ಮರವೂ ಇರಲಿಲ್ಲ, ಬೇರೆಯವರ ತೋಟದಲ್ಲಿ ಪಾಲಿಗೆ ದುಡಿಯುತ್ತಿದ್ದ. ಆದರೆ ಅಕ್ಟೋಬರ್ ಬಂತೆಂದರೆ ಕೆಂಪು ಟೋಪಿಯನ್ನು ಹಿಂದಕ್ಕೆ ತಳ್ಳಿ ಸಂತೆಯಲ್ಲಿ ನಡೆಯುವ ಠೀವಿ ನೋಡಬೇಕು, ತೋಟದ ಯಜಮಾನರೇ ದಾರಿ ಬಿಡುತ್ತಿದ್ದರು. ಬಿಂಕದ ಮನುಷ್ಯ. ಏಣಿ ಹಾಕಿ ಮರ ಹತ್ತುವವರನ್ನು ಕಂಡರೆ ‘ಕೋಳಿಗಳು’ ಎನ್ನುತ್ತಿದ್ದ. ಹೆಂಡತಿ ಸಾಲ್ಹಾಳನ್ನು ಬಿಟ್ಟರೆ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ನನಗೆ ಅವನ ಬಿಂಕ ಕಂಡರೆ ಮೈ ಉರಿಯುತ್ತಿತ್ತು, ಆದರೂ ಆ ಬಿಂಕ ಅವನಿಗೆ ಸಲ್ಲಬೇಕಾದದ್ದೇ ಎಂದು ಗೊತ್ತಿತ್ತು.

ಆರು ವರ್ಷದ ಹಿಂದೆ ಮೂತ್ರಕ್ಕೆಂದು ಮರದಿಂದ ಪದೇಪದೇ ಇಳಿಯಬೇಕಾಗಿ ಬಂದಾಗ ನನ್ನ ಹತ್ತಿರ ಬಂದ. ನಮ್ಮ ಲೆಕ್ಕದಲ್ಲಿ ಸಕ್ಕರೆ ಮೂರು ಗ್ರಾಮು, ಬೇರೆ ಕಡೆ ಮುನ್ನೂರು ಎನ್ನುತ್ತಾರೆ; ಬೀಪಿ ಹದಿನೆಂಟು, ಎಂದರೆ ನೂರಾ ಎಂಬತ್ತು. ‘ಎರಡೂ ಇದೆ ಅಣ್ಣ’ ಎಂದೆ. ‘ತುದಿಗೆ ಹತ್ತಬಹುದಾ?’ ಎಂದು ಕೇಳಿದ. ಬೇರೇನನ್ನೂ ಕೇಳಲಿಲ್ಲ. ‘ಹೇಳಿದ್ದು ಕೇಳಿದ್ರೆ ಹತ್ತಬಹುದು’ ಎಂದೆ. ಅವತ್ತೇ ಟೀಗೆ ಸಕ್ಕರೆ ಬಿಟ್ಟ, ಖರ್ಜೂರ ಬಿಟ್ಟ. ಖರ್ಜೂರದ ರಾಶಿಯ ನಡುವೆ ದಿನವಿಡೀ ಕೂತು ಒಂದು ಹಣ್ಣನ್ನೂ ಬಾಯಿಗೆ ಹಾಕದವನನ್ನು ನಮ್ಮೂರು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಮೇಲೆ ಗೋಡೆಯ ಚಿತ್ರ ಬಂತು, ಅದರ ಹಿಂದೆ ಡಾಕ್ಟರ್ ನೌಫೆಲ್ ಬಂದರು. ಸಮುದ್ರದ ಕಡೆಯವರು, ಮೂವತ್ತೊಂದು ವರ್ಷ, ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ಬೈದು ಮುಗಿಸುತ್ತಿದ್ದೆ. ನಾಜೂಕು ಮನುಷ್ಯ. ಎಲ್ಲರಿಗೂ ‘ನೀವು’ ಎನ್ನುತ್ತಾರೆ, ಗಂಡಸರ ಹೆಸರಿನ ಮುಂದೆ ಮರ್ಯಾದೆಗೆ ‘ಸಿ’ ಸೇರಿಸುತ್ತಾರೆ, ಮೇಜನ್ನು ತೆಗೆಸಿ ಕುರ್ಚಿಗಳನ್ನು ವೃತ್ತವಾಗಿ ಹಾಕಿಸಿದರು. ರೋಗಿಯ ಮಾತು ಕೇಳಬೇಕು ಎಂದು ನನಗೆ ಎರಡು ದಿನ ತರಬೇತಿ ಕೊಟ್ಟರು. ಕೇಳುವುದು ಹೇಗೆ? ಅವರ ತೊಡೆಯ ಮೇಲಿನ ಕಂಪ್ಯೂಟರ್ ಪರದೆಯಲ್ಲಿ ನಲವತ್ತೆರಡು ಪ್ರಶ್ನೆ. ಪ್ರಶ್ನೆ ಓದುವಾಗ ಪರದೆ ನೋಡಬೇಕು, ಉತ್ತರ ಒತ್ತುವಾಗ ಪರದೆ ನೋಡಬೇಕು. ಉಳಿದ ಹೊತ್ತಿನಲ್ಲಿ ರೋಗಿಯ ಮುಖ ನೋಡಬಹುದು, ಉಳಿಯುವುದೇ ಇಲ್ಲ.

“ಟೀಗೆ ಎಷ್ಟು ಚಮಚ ಸಕ್ಕರೆ ಹಾಕ್ತೀರಿ, ಸಿ ಬೆಲ್ಗಾಸೆಮ್?”

“ಒಂದೂ ಇಲ್ಲ.”

“ಖರ್ಜೂರ?”

“ಬಿಟ್ಟು ಆರು ವರ್ಷ ಆಯ್ತು.”

“ಬಾಟಲಿ ಪಾನೀಯ?”

“ಅದು ಕತ್ತೆ ಉಚ್ಚೆ ಡಾಕ್ಟ್ರೇ.”

“ಇಲ್ಲ ಅಂತ ಬರ್ಕೊಳ್ಲಾ?”

“ಬರ್ಕೊಳ್ಳಿ.”

“ವ್ಯಾಯಾಮಕ್ಕೆ ಅಂತ ದಿನಾ ಅರ್ಧ ಗಂಟೆ ನಡೀತೀರಾ?”

ಬೆಲ್ಗಾಸೆಮ್ ನನ್ನ ಮುಖ ನೋಡಿದ. ಬೆಳಗಿನಿಂದ ಹದಿನೆಂಟು ಮರ ಹತ್ತಿ ಇಳಿದು, ಕಾಯಿ ಕಚ್ಚಲೆಂದು ಗಂಡು ಹೂ ಕಟ್ಟಿ ಬಂದಿದ್ದ, ಅಂಗಾಲಿನಲ್ಲಿ ಇನ್ನೂ ಸಿಬಿರು ಇತ್ತು. “ನಡೆಯೋದಾ? ಎಲ್ಲಿಗೆ?” ಎಂದ.

“ಸುಮ್ನೆ. ಆರೋಗ್ಯಕ್ಕೆ.”

“ಇಲ್ಲ.”

ಡಾಕ್ಟರು ‘ಇಲ್ಲ’ ಒತ್ತಿದರು. ಪರದೆ ತಾನೇ ಲೆಕ್ಕ ಹಾಕಿ ‘ಜಡ ಜೀವನ’ ಎಂದು ಹೇಳಿತು. ಐನ್ ಸೆದ್ರಾದ ತುದಿಯಾಳಿಗೆ ಜಡ ಜೀವನ! ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ನಗುವ ಬದಲು ಬಾಯಿ ಬಿಟ್ಟು ಮಾತಾಡಿದ್ದರೆ ಏನಾದರೂ ಆಗುತ್ತಿತ್ತೇನೋ. ಹೊರಗೆ ಮೂವತ್ತು ಜನರ ಸಾಲು ಇತ್ತು, ಸುಮ್ಮನಿದ್ದೆ.

ಪರದೆ ಕೇಳದೇ ಹೋದ ಪ್ರಶ್ನೆ ಒಂದಿತ್ತು, ಲಗ್ಮಿಯದು. ಲಗ್ಮಿ ಎಂದರೆ ಖರ್ಜೂರದ ಮರದ ನೀರಾ. ಫಲ ಕಡಿಮೆಯಾದ ಮುದಿ ಮರದ ನೆತ್ತಿಯನ್ನು ಕೆತ್ತಿ ಗಡಿಗೆ ಕಟ್ಟುತ್ತಾರೆ. ವಸಂತದಿಂದ ಚಳಿ ಬೀಳುವವರೆಗೆ ಮರ ಜಿನುಗುತ್ತದೆ. ಸೂರ್ಯ ಹುಟ್ಟುವ ಮೊದಲು ಇಳಿಸಿದರೆ ಜೇನಿನಂಥ ಸಿಹಿ. ಮಧ್ಯಾಹ್ನಕ್ಕೆ ನೊರೆ ಬಂದು ಹುಳಿಯಾಗುತ್ತದೆ, ಸಂಜೆಗೆ ಹೆಂಡ. ಬೆಲ್ಗಾಸೆಮ್ ಒಂದು ಮರಕ್ಕೆ ಗಡಿಗೆ ಕಟ್ಟುತ್ತಿದ್ದ. ದೈವಭೀತ, ಹುಳಿ ಬಂದದ್ದನ್ನು ಮೂಸಿಯೂ ನೋಡುವವನಲ್ಲ, ಉಳಿದದ್ದನ್ನು ಆಡಿಗೆ ಸುರಿಯುತ್ತಿದ್ದ. ಅವನು ಕುಡಿಯುತ್ತಿದ್ದದ್ದು ಬೆಳಗಿನ ನಮಾಜು ಮುಗಿಸಿ, ತಾಜಾ, ಸಿಹಿಯಾದದ್ದು, ಒಂದೂವರೆ ಲೀಟರು. ನೊರೆ ಬಂದದ್ದು ಕುಡಿದಿದ್ದರೆ ದೇವರಿಗೆ ಉತ್ತರ ಹೇಳಬೇಕಾಗುತ್ತಿತ್ತು, ಸಕ್ಕರೆಯಾದರೂ ಸ್ವಲ್ಪ ಕಡಿಮೆ ಇರುತ್ತಿತ್ತು.

ಅವನು ಮುಚ್ಚಿಟ್ಟ ಎಂದುಕೊಳ್ಳಬೇಡಿ. ನಮ್ಮಲ್ಲಿ ಸಕ್ಕರೆ ಎಂದರೆ ಅಂಗಡಿಯದು, ಕಾರ್ಖಾನೆಯದು, ಪೊಟ್ಟಣದಲ್ಲಿ ಬರುವುದು. ಲಗ್ಮಿ ದೇವರು ಕೊಟ್ಟ ನೀರು, ಮೈಗೆ ತಂಪು, ಒಳಗಿನ ಕೊಳೆ ತೊಳೆಯುತ್ತದೆ. ‘ಏನು ಕುಡೀತೀರಿ?’ ಎಂದರೆ ಅವನು ‘ನೀರು’ ಎನ್ನುತ್ತಿದ್ದ, ಅವನ ಪ್ರಕಾರ ಅದು ನಿಜ. ನಾಚಿಕೆಗೇಡಿನ ಸಂಗತಿ ಏನೆಂದರೆ ನನ್ನ ಪ್ರಕಾರವೂ ನಿಜವೇ. ಬುಧವಾರ ಬರುವಾಗ ನನಗೊಂದು ಬಾಟಲಿ ತಂದು ಕಿಟಕಿಯಲ್ಲಿಡುತ್ತಿದ್ದ. ನಾನು ನಿಂತ ನಿಲುವಿನಲ್ಲೇ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಅವನ ಬೆರಳು ಚುಚ್ಚಿ, ‘ಮೂರು ಗ್ರಾಂ ನಲವತ್ತು! ಏನು ತಿಂದೆಯೋ ಮಾರಾಯಾ?’ ಎಂದು ಕೂಗುತ್ತಿದ್ದೆ. ನನಗೆ ಸರ್ಟಿಫಿಕೇಟ್ ಇದೆ, ಮನೆಯ ಗೋಡೆಯಲ್ಲಿ ಮೊಳೆ ಹೊಡೆದು ತೂಗುಹಾಕಿದ್ದೇನೆ. ಅಜ್ಜಿ ಹೇಳಿದ್ದನ್ನು ಅಳಿಸುವ ಶಕ್ತಿ ಆ ಕಾಗದಕ್ಕಿಲ್ಲ.

ಏಪ್ರಿಲಿನಲ್ಲಿ ಅವನ ಬೆಳಗಿನ ಇನ್ಸುಲಿನ್ ಹದಿನಾರು ಯುನಿಟ್ಟು ಇತ್ತು. ಸಕ್ಕರೆ ಇಳಿಯಲಿಲ್ಲ. ಪರದೆ ಇಪ್ಪತ್ತಾರು ಎಂದಿತು, ಡಾಕ್ಟರು ಇಪ್ಪತ್ತಾರು ಎಂದರು. ಆಗಸ್ಟಿನಲ್ಲಿ ಮೂವತ್ತಾರು. ಸಿರಿಂಜಿನ ಗೆರೆ ತೋರಿಸಿ ‘ಇಲ್ಲೀತನಕ ಎಳಿ’ ಎಂದು ಪ್ರತಿ ಸಲ ಹೇಳಿಕೊಟ್ಟವಳು ನಾನೇ. ಸೆಪ್ಟೆಂಬರಿನಲ್ಲಿ ಡಾಕ್ಟರು ಮೊದಲ ಬಾರಿಗೆ ಪರದೆಯಿಂದ ಮುಖ ಎತ್ತಿದರು.

“ಸಿ ಬೆಲ್ಗಾಸೆಮ್, ನೀವು ಸೂಜಿ ಚುಚ್ಕೊಳ್ತಾ ಇಲ್ಲ ಅನ್ಸುತ್ತೆ.”

“ಚುಚ್ಕೊಳ್ತಿದೀನಿ.”

“ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಬೈಯೋಕೆ ಅಲ್ಲ ನಾನು ಇರೋದು. ನಿಜ ಹೇಳಿದ್ರೆ ನಿಮಗೇ ಒಳ್ಳೇದು.”

ಬೆಲ್ಗಾಸೆಮನ ಕತ್ತಿನ ನರ ಉಬ್ಬಿತು. ಪಕ್ಕದಲ್ಲಿದ್ದ ಸಾಲ್ಹಾ ಸುಮ್ಮನಿರಲಿಲ್ಲ. “ನನ್ನ ಕಣ್ಣೆದುರೇ ಹೊಟ್ಟೆಗೆ ಚುಚ್ಕೊಳ್ತಾನೆ ಡಾಕ್ಟ್ರೇ. ನನ್ನ ಗಂಡ ಕಲ್ಲಿಗೂ ಸುಳ್ಳು ಹೇಳೋನಲ್ಲ” ಎಂದಳು.

ಡಾಕ್ಟರು ಮುಗುಳ್ನಕ್ಕು ತಲೆಯಾಡಿಸಿದರು. ಆ ನಗೆ ಇದೆಯಲ್ಲ, ತರಬೇತಿಯಲ್ಲಿ ಕಲಿಸುತ್ತಾರೆ. ನಲವತ್ತನಾಲ್ಕು ಎಂದು ಬರೆದರು. ‘ಸೂಜಿ ಒಂದು ದಿನವೂ ತಪ್ಪಿಸೋಲ್ಲ, ಖರ್ಜೂರ ಮುಟ್ಟೋಲ್ಲ, ಮಾತು ಕೊಟ್ಟೆ’ ಎಂದ ಬೆಲ್ಗಾಸೆಮ್. ಕೆಳಗಿನ ಚೌಕದಲ್ಲಿ ‘ಸಹಕರಿಸದ ರೋಗಿ’ ಎಂದು ಒತ್ತಿದರು. ಅದು ನನಗೂ ಕಾಣಿಸಿತು. ಸಾಲ್ಹಾಗೆ ಓದಲು ಬಾರದಿದ್ದದ್ದು ಒಳ್ಳೆಯದಾಯಿತು.

ಬೀಪಿಯ ಮಾತ್ರೆಯದೂ ಅದೇ ಕಥೆ. ನೀರು ಹೊರಹಾಕುವ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳಬೇಕು ಎಂದು ಬರೆದಿದ್ದರು. ಬೆಳಿಗ್ಗೆ ನುಂಗಿ ಆರಾಳು ಎತ್ತರದ ಮರದ ತುದಿಯಲ್ಲಿ, ಕೆಳಗೆ ಆರು ಗಂಡಸರನ್ನು ನಿಲ್ಲಿಸಿಕೊಂಡು ಕೂರುವವನು ಏನು ಮಾಡಬೇಕು? ಸುಗ್ಗಿಯಲ್ಲಿ ಅವನು ಅದನ್ನು ನುಂಗುತ್ತಿರಲಿಲ್ಲ. ಯಾವಾಗ ಹತ್ತುತ್ತಿ, ಯಾವಾಗ ಇಳಿಯುತ್ತಿ ಎಂದು ಯಾರೂ ಕೇಳಲಿಲ್ಲ.

ಅಕ್ಟೋಬರ್ ಬಂತು. ಆ ವರ್ಷ ಚಳಿ ಬೇಗ ಬಿತ್ತು. ಒಂದು ಭಾನುವಾರ ಬೆಳಿಗ್ಗೆ ಬೆಲ್ಗಾಸೆಮ್ ಗಡಿಗೆ ಇಳಿಸಿದಾಗ ತಳದಲ್ಲಿ ಎರಡು ನೊಣ ಬಿಟ್ಟರೆ ಏನೂ ಇರಲಿಲ್ಲ. ಮರ ಮುಚ್ಚಿಕೊಂಡಿತ್ತು. ಅವನು ಕೆತ್ತಿದ ಜಾಗಕ್ಕೆ ಮಣ್ಣು ಮೆತ್ತಿ ಇಳಿದ. ಅವತ್ತಿನಿಂದ ಬೆಳಿಗ್ಗೆ ಬರೀ ಮಣ್ಣೊಲೆಯಲ್ಲಿ ಸುಟ್ಟ ಒಂದು ತುಂಡು ತಾಬೂನ ರೊಟ್ಟಿ, ಒಂದಿಷ್ಟು ಆಲಿವ್ ಎಣ್ಣೆ, ಸಕ್ಕರೆಯಿಲ್ಲದ ಕಾಫಿ. ಸೂಜಿ ಮಾತ್ರ ಅದೇ ನಲವತ್ತನಾಲ್ಕು. ಡಾಕ್ಟರಿಗೆ ಮಾತು ಕೊಟ್ಟಿದ್ದ. ಸೋಮವಾರ ಮೈ ನಡುಗಿತಂತೆ, ಮಂಗಳವಾರ ಕಣ್ಣು ಕತ್ತಲೆ ಬಂತಂತೆ. ಸುಗ್ಗಿಯ ದಣಿವು ಎಂದುಕೊಂಡ.

ಬುಧವಾರ ನನ್ನ ಸಾಲು ಬಾಗಿಲಾಚೆ ಬಿಸಿಲಿನವರೆಗೂ ಇತ್ತು. ಗಂಡನ ಔಷಧಿ ಒಯ್ಯಲು ಸಾಲ್ಹಾ ಬಂದು ನಿಂತಿದ್ದಳು. ಹತ್ತು ಗಂಟೆಗೆ ತೋಟದ ಕಡೆಯಿಂದ ಬಂದ ಒಬ್ಬ ಮುದುಕ ಬಾಗಿಲಲ್ಲೇ ನಿಂತು ಕೇಕೆ ಹಾಕಿದ. “ಕೇಳಿದ್ರೇನ್ರೋ? ನಮ್ಮ ತುದಿಯಾಳು ಕುಡಿದು ಮರದ ಮೇಲೆ ಕೂತವ್ನೆ! ಪೋಲಿ ಹಾಡು ಹೇಳ್ತವ್ನೆ! ಪ್ರವಾದಿಗೆ ಸಲಾಮು ಹೇಳೋ ಬಾಯಲ್ಲಿ ತನ್ನ ಕೆಳಗೆ ನಿಂತ ಮಹ್ರೆಝನ ಅಮ್ಮನ್ನ ಬೈದನಂತೆ!”

ಸಾಲು ಪೂರ್ತಿ ನಕ್ಕಿತು. ನಾನೂ ನಕ್ಕೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಲೋಕ ಇದು, ಅವನು ಲಗ್ಮಿ ಇಳಿಸುವವನು ಬೇರೆ. ಎಷ್ಟು ಬಿಂಕ ಇತ್ತು, ಈಗ ನೋಡು ಎಂದು ಮನಸ್ಸಿನಲ್ಲಿ ಖುಷಿಯೂ ಆಯಿತು, ಯಾಕೆ ಸುಳ್ಳು ಹೇಳಲಿ.

ಸಾಲ್ಹಾ ಒಬ್ಬಳು ನಗಲಿಲ್ಲ. “ಕುಡಿಯೋಕೆ ಎಲ್ಲಿದೆ? ಮರ ಮುಚ್ಚಿ ಮೂರು ದಿನ ಆಯ್ತು. ಲಗ್ಮಿ ಇಲ್ಲ ಅಂತ ಬರೀ ರೊಟ್ಟಿ ತಿಂದು ಹೋಗಿದಾನೆ ಜಾಜಿಯಕ್ಕ, ಸೂಜಿ ಚುಚ್ಕೊಂಡು” ಎಂದಳು.

ಆರು ತಿಂಗಳಿಂದ ಅವನ ಸಕ್ಕರೆ ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿ ಹೋಯಿತು, ನಲವತ್ತನಾಲ್ಕು ಯುನಿಟ್ಟು ಅರೆಹೊಟ್ಟೆಯಲ್ಲಿ ಏನು ಮಾಡುತ್ತಿದೆ, ಎಲ್ಲವೂ ಒಟ್ಟಿಗೆ ಹೊಳೆಯಿತು. ಸಕ್ಕರೆ ಪಾತಾಳಕ್ಕಿಳಿದವನು ಕುಡಿದವನ ಹಾಗೇ ತೊದಲುತ್ತಾನೆ, ಬೈಯುತ್ತಾನೆ, ಆಮೇಲೆ ಪ್ರಜ್ಞೆ ತಪ್ಪುತ್ತಾನೆ. ನೆಲದ ಮೇಲೆ ತಪ್ಪಿದರೆ ಎಬ್ಬಿಸಬಹುದು. ತುದಿಯಲ್ಲಿ ತಪ್ಪಿದರೆ?

ಡಾಕ್ಟರ ಕೋಣೆಗೆ ನುಗ್ಗಿ ಹೇಳಿದೆ. “ಓ, ಹೈಪೋ, ಸಕ್ಕರೆ ಕುಸಿದಿರಬಹುದು” ಎಂದರು, ಗಾಬರಿಯಾದರು, ನಿಜ. “ತಕ್ಷಣ ಇಲ್ಲಿಗೆ ಕರ್ಕೊಂಡು ಬನ್ನಿ, ನೋಡೋಣ.”

“ಅವನು ಮರದ ಮೇಲಿದಾನೆ ಡಾಕ್ಟ್ರೇ!”

“ಇಳಿಯೋಕೆ ಹೇಳಿ.”

ನಾನು ಅವರಿಗೆ ಏನು ಹೇಳಿದೆ ಎನ್ನುವುದನ್ನು ಇಲ್ಲಿ ಬರೆಯಲಾಗದು. ಸಾಲ್ಹಾಳ ಕೈ ಹಿಡಿದು ಓಡಿದೆ.

ತೋಟದಲ್ಲಿ ಜಾತ್ರೆಯಂತೆ ಜನ. ಆರು ಗಂಡಸರೂ ಮರದಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡುತ್ತ ನಿಂತಿದ್ದರು. ಕುಡುಕನ ಕೆಳಗೆ ನಿಲ್ಲುವುದು ಅವಮಾನವಂತೆ. ಅಮಲು ಇಳಿಯಲಿ, ತಾನೇ ಇಳಿದು ಬರುತ್ತಾನೆ ಎಂದು ತೀರ್ಮಾನಿಸಿದ್ದರು. ಮೇಲೆ ಗರಿಗಳ ನಡುವೆ ಬೆಲ್ಗಾಸೆಮ್ ವಾಲುತ್ತಿದ್ದ. ಟೋಪಿ ಎಲ್ಲೋ ಬಿದ್ದಿತ್ತು. ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು. ಹಾಡು ನಿಂತಿತ್ತು, ಬಾಯಿ ಮಾತ್ರ ಆಡುತ್ತಿತ್ತು.

ಸಾಲಿನಲ್ಲಿ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಿದ್ದವನು ಮಹ್ರೆಝ್, ಹದಿನೈದು ವರ್ಷದಿಂದ ಎರಡನೆಯವನು. “ಹತ್ತೋ ಮೇಲೆ! ಅವನ ಬಾಯಿಗೆ ಖರ್ಜೂರ ತುರುಕು!” ಎಂದು ಕೂಗಿದೆ.

“ಕುಡಿದವನ ಕೈಯಲ್ಲಿ ಕುಡುಗೋಲಿದೆ ಅಕ್ಕ. ನನಗೇನು ತಲೆ ಕೆಟ್ಟಿದ್ಯಾ?”

“ಕುಡಿದಿಲ್ಲ ಅವನು, ಸಾಯ್ತಿದಾನೆ! ಹತ್ತೋ ಹೇಡಿ! ನೀನು ಹತ್ತದಿದ್ರೆ ನಾನೇ ಲಂಗ ಎತ್ತಿ ಕಟ್ಟಿ ಹತ್ತಬೇಕಾ? ನಿನ್ನ ಮೀಸೆ ಕೊಡು, ಅಂಟಿಸ್ಕೊಂಡು ಹತ್ತುತೀನಿ!”

ಜನರ ಮುಂದೆ ಮೀಸೆಯ ಮಾತು ಬಂದದ್ದಕ್ಕೆ ಹತ್ತಿದ, ಬೆಲ್ಗಾಸೆಮನ ಮೇಲಿನ ಮಮತೆಗಲ್ಲ. ಮೇಲೆ ಹೋಗಿ ಕುಡುಗೋಲು ಕಿತ್ತು ಎಸೆದ, ಹಗ್ಗದಿಂದ ಅವನ ಸೊಂಟವನ್ನು ಗರಿಯ ಬುಡಕ್ಕೆ ಬಿಗಿದ. ಪಕ್ಕದಲ್ಲೇ ಗೊನೆ, ಒಂದೊಂದರಲ್ಲೂ ಸಾವಿರ ಹಣ್ಣು. ಖರ್ಜೂರ ಬಾಯಿಗೆ ತಂದರೆ ಬೆಲ್ಗಾಸೆಮ್ ಹಲ್ಲು ಕಚ್ಚಿ ಮುಖ ತಿರುಗಿಸಿದ. ಕೆಳಗೆ ನಮಗೆ ಕೇಳಿಸುವಂತೆ ಮಹ್ರೆಝ್ ಕಿರುಚಿದ. “ಬೇಡ ಅಂತಾನೆ! ಡಾಕ್ಟರಿಗೆ ಮಾತು ಕೊಟ್ಟಿದೀನಿ ಅಂತಾನೆ!”

ಅರಿವು ಪೂರ್ತಿ ಹೋಗಿದ್ದರೂ ಆ ಒಂದು ಮಾತು ಉಳಿದಿತ್ತು. ಸಹಕರಿಸದ ರೋಗಿ! ಸಾಲ್ಹಾ ಮರವನ್ನು ಅಪ್ಪಿಕೊಂಡು ನಿಂತು ಕೂಗಿದಳು. “ತಿನ್ನೋ! ನಾನು ಹೇಳ್ತಿದೀನಿ ತಿನ್ನೋ! ಡಾಕ್ಟರು ಹಾಳಾಗಿ ಹೋಗಲಿ, ನನಗೋಸ್ಕರ ತಿನ್ನೋ!”

ಅವಳ ದನಿಗೆ ಅವನ ದವಡೆ ಸಡಿಲವಾಯಿತಂತೆ. ಮಹ್ರೆಝ್ ಅವನ ತಲೆಯನ್ನು ಎದೆಗೆ ಒತ್ತಿಕೊಂಡು, ಬೀಜ ತೆಗೆದ ಹಣ್ಣನ್ನು ಬೆರಳಲ್ಲಿ ಹಿಚುಕಿ ಕೆನ್ನೆಯೊಳಗೆ ಸವರಿದ. ಒಂದು, ಎರಡು, ಐದು. ಕಾಲು ಗಂಟೆಯ ಮೇಲೆ ಬೆಲ್ಗಾಸೆಮ್ ಕಣ್ಣು ಬಿಟ್ಟು ಸುತ್ತ ನೋಡಿ, ತನ್ನನ್ನು ಕಟ್ಟಿರುವುದನ್ನು ಕಂಡು, ‘ಯಾರೋ ಕಟ್ಟಿದ್ದು?’ ಎಂದು ಗದರಿದ. ಹಗ್ಗ ಬಿಚ್ಚಿಸಿಕೊಂಡು ತಾನೇ ಇಳಿದು ಬಂದ. ಬೆರಳು ಚುಚ್ಚಿ ನೋಡಿದೆ. ಅಷ್ಟು ತಿಂದ ಮೇಲೂ ಒಂದು ಗ್ರಾಮೂ ಇಲ್ಲ, ಬರೀ ಅರವತ್ತೈದು. ಕೂತು ಗೊಳೋ ಎಂದು ಅತ್ತೆ.

ಆ ಸಂಜೆ ಅವರ ಮನೆಗೆ ಹೋದೆ. ಫಾರಂ ಒಯ್ಯಲಿಲ್ಲ. “ಅಣ್ಣ, ಕಣ್ಣು ಬಿಟ್ಟಾಗಿನಿಂದ ಕಣ್ಣು ಮುಚ್ಚೋ ತನಕ ಬಾಯಿಗೆ ಏನೇನು ಹೋಗುತ್ತೆ, ಎಲ್ಲಿಗೆ ಹೋಗ್ತೀಯ, ಎಷ್ಟೊತ್ತಿಗೆ ಹತ್ತುತೀಯ, ಎಲ್ಲಾ ಹೇಳು” ಎಂದೆ. ಒಂದು ಗಂಟೆ ಹಿಡಿಯಿತು. ಅಷ್ಟೇ, ಒಂದು ಗಂಟೆ. ಇದನ್ನು ಆರು ವರ್ಷದಲ್ಲಿ ಒಮ್ಮೆ ಮಾಡಿದ್ದರೆ ಸಾಕಿತ್ತು. ಮರುದಿನ ಡಾಕ್ಟರ ಮುಂದೆ ಕೂತು ಜಗಳವಾಡಿ ನಲವತ್ತನಾಲ್ಕನ್ನು ಹದಿನೆಂಟಕ್ಕೆ ಇಳಿಸಿದೆ, ನೀರಿನ ಮಾತ್ರೆಯನ್ನು ಮಧ್ಯಾಹ್ನ ಅವನು ಮರದಿಂದ ಇಳಿಯುವ ಹೊತ್ತಿಗೆ ಸರಿಸಿದೆ. ಲಗ್ಮಿ ಒಂದು ಸಣ್ಣ ಲೋಟ, ಅದೂ ಹೇಳಿಯೇ ಕುಡಿಯಬೇಕು ಎಂದೆ. “ಅದು ಸಕ್ಕರೆನಾ?” ಎಂದು ಬೆಲ್ಗಾಸೆಮ್ ಬೆರಗಾಗಿ ಕೇಳಿದ. “ಹೌದು” ಎಂದೆ, ನನಗೆ ಮೊದಲೇ ಗೊತ್ತಿದ್ದವಳ ಹಾಗೆ.

ಆದರೆ ತುದಿ ಹೋಯಿತು. ಕುಡಿದ ಎಂದು ಊರು ಒಮ್ಮೆ ಅಂದಮೇಲೆ ಅಂದಿತು. ಮರುದಿನ ಮಹ್ರೆಝ್ ತುದಿಗೆ ಹತ್ತಿದ. ಬೆಲ್ಗಾಸೆಮನಿಗೆ ನೆಲದ ಕೆಲಸ ಕೊಟ್ಟರು, ಚಾಪೆ ಹಾಸುವುದು, ಬಿದ್ದ ಹಣ್ಣು ಆರಿಸುವುದು, ಮುದುಕರೂ ಹೆಂಗಸರೂ ಮಾಡುವ ಕೆಲಸ. ಮಸೀದಿಯಲ್ಲಿ ಅವನ ಪಕ್ಕದವರು ಒಂದು ಗೇಣು ಸರಿದು ಕೂತರು. ಅವನು ಡಾಕ್ಟರ ಹತ್ತಿರ ಬಂದು, ಟೋಪಿ ಕೈಯಲ್ಲಿ ಹಿಡಿದು, ಕೇಳಿಕೊಂಡ. ನಾನು ಅವನು ಟೋಪಿ ತೆಗೆದದ್ದನ್ನು ನೋಡಿದ್ದು ಅದೇ ಮೊದಲು.

“ಡಾಕ್ಟ್ರೇ, ಒಂದು ಸಲ ತೋಟಕ್ಕೆ ಬಂದು ಹೇಳಿ. ಕುಡಿದದ್ದಲ್ಲ, ಔಷಧಿ ಹೆಚ್ಚಾಗಿತ್ತು ಅಂತ. ನಿಮ್ಮ ಮಾತು ನಂಬ್ತಾರೆ.”

“ಸಿ ಬೆಲ್ಗಾಸೆಮ್, ರೋಗಿಯ ವಿಷಯ ಹೊರಗೆ ಹೇಳೋ ಹಾಗಿಲ್ಲ. ಅದು ನಿಮ್ಮ ಗೋಪ್ಯತೆ. ಅದನ್ನ ಕಾಪಾಡೋದು ನನ್ನ ಕರ್ತವ್ಯ.”

“ನನ್ನದೇ ಗುಟ್ಟು ಅಲ್ವಾ? ನಾನೇ ಹೇಳಿ ಅಂತಿದೀನಿ.”

“ಹಾಗಲ್ಲ. ಅದಕ್ಕೆ ಒಂದು ವಿಧಾನ ಇದೆ. ಮೇಲಿನವರನ್ನ ಕೇಳಬೇಕು.”

ಮೇಲಿನವರಂತೆ! ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳದವರು ರೋಗಿಯ ಮಾನ ಕಾಯುವ ಮಾತಾಡುತ್ತಾರೆ. ಬೆಲ್ಗಾಸೆಮ್ ಟೋಪಿ ಹಾಕಿಕೊಂಡು ಹೊರಟುಹೋದ.

ಸರಿ, ನಾನೇ ಹೋದೆ. ಮಧ್ಯಾಹ್ನ ಗಂಡಸರೆಲ್ಲ ಮರದ ಕೆಳಗೆ ಕುಸ್ಕುಸ್ ತಟ್ಟೆಯ ಸುತ್ತ ಕೂತಿದ್ದರು. ಬೆಲ್ಗಾಸೆಮ್ ಸ್ವಲ್ಪ ದೂರದಲ್ಲಿ ಚಾಪೆಯ ಮೇಲೆ ಹಣ್ಣು ಬೇರ್ಪಡಿಸುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ಬರೆದರು, ಗೆರೆ ತೋರಿಸಿದವಳು ನಾನು, ತಪ್ಪು ನಮ್ಮದು ಎಂದೆ. ಅವರು ಮೆಲ್ಲಗೆ ತಲೆಯಾಡಿಸಿದರು. ಒಬ್ಬ, “ಒಳ್ಳೇ ಮನಸ್ಸು ನಿಂದು ಜಾಜಿಯಾ. ಪಾಪ ಅಂತ ಅವನ ಮಾನ ಮುಚ್ಚೋಕೆ ಬಂದಿದೀಯ” ಎಂದ. ನಿಜ ಹೇಳಿದರೆ ಕರುಣೆ ಎಂದುಕೊಳ್ಳುವ ದಡ್ಡರಿಗೆ ಏನು ಹೇಳುತ್ತೀರಿ?

ಮಹ್ರೆಝನ ಕಡೆ ತಿರುಗಿದೆ. “ಅವನ ಬಾಯಿಗೆ ಖರ್ಜೂರ ಹಾಕಿದ್ದು ಯಾರೋ?”

“ನಾನೇ ಅಕ್ಕ. ಜೀವ ಉಳಿಸ್ದೆ.”

“ಉಳಿಸ್ದೆ, ಒಪ್ಕೊಂಡೆ. ಅವನ ತಲೆ ನಿನ್ನ ಎದೆ ಮೇಲಿತ್ತು. ನಿನ್ನ ಮೂಗು ಅವನ ಬಾಯಿಂದ ಎಷ್ಟು ದೂರ ಇತ್ತು?”

“ಏನು?”

“ಹೆಂಡದ ವಾಸನೆ ಬಂತಾ? ಬಂತು ಅಥವಾ ಬರ್ಲಿಲ್ಲ. ಒಂದು ಮಾತು ಹೇಳು, ಹೋಗ್ತೀನಿ.”

ತುತ್ತು ಎತ್ತಿದ ಕೈಗಳು ನಿಂತವು. ಚಾಪೆಯ ಮೇಲೆ ಬೆಲ್ಗಾಸೆಮನ ಕೈಯೂ ನಿಂತಿತು, ಮುಖ ಮಾತ್ರ ಎತ್ತಲಿಲ್ಲ. ಮಹ್ರೆಝ್ ಬೆರಳು ನೆಕ್ಕಿದ, ಅಂಗಿಗೆ ಒರೆಸಿಕೊಂಡ, ಮರದ ತುದಿಯನ್ನೊಮ್ಮೆ ನೋಡಿದ.

“ಅವತ್ತು ನನಗೆ ನೆಗಡಿ ಇತ್ತಕ್ಕ” ಎಂದ.

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅವನ ಪಕ್ಕದಲ್ಲೇ ಉಗಿದು ಬಂದೆ. ಹದಿನೈದು ವರ್ಷ ಆ ಮನುಷ್ಯನ ಕಾಲ ಕೆಳಗೆ ನಿಂತು ಗೊನೆ ಹಿಡಿದವನು, ಇಷ್ಟು ಅಗ್ಗವಾಗಿ ಮೇಲೆ ಹತ್ತಿದ.

ಮುಂದಿನ ಬುಧವಾರ ಬೆಲ್ಗಾಸೆಮ್ ತನ್ನ ಸರದಿಗೆ ಬಂದು ವೃತ್ತದ ಕುರ್ಚಿಯಲ್ಲಿ ಕೂತ. ಬೆರಳು ಚುಚ್ಚಿದೆ. ಒಂದು ಗ್ರಾಂ ಇಪ್ಪತ್ತು. ಬೀಪಿ ಹದಿಮೂರು, ಎಂಟು. ಇಂಥ ಅಂಕಿ ಅವನ ಪುಸ್ತಕದಲ್ಲಿ ಎಂದೂ ಬಂದಿರಲಿಲ್ಲ. ಡಾಕ್ಟರು ಸಂತೋಷದಿಂದ ಎದ್ದು ಬಂದು ಅವನ ಹೆಗಲು ತಟ್ಟಿದರು.

“ಎಷ್ಟು ಚೆನ್ನಾಗಿದೆ ನೋಡಿ! ಎಲ್ಲಾ ಹಿಡಿತಕ್ಕೆ ಬಂತು. ಮರ ಹತ್ತೋದೂ ಬಿಟ್ರಂತೆ. ಅದೂ ಒಳ್ಳೇದೇ, ಅಪಾಯ ತಪ್ಪಿತು.”

ಬೆಲ್ಗಾಸೆಮ್ ಅವರನ್ನೇ ನೋಡಿದ. “ಡಾಕ್ಟ್ರೇ, ನಾನು ಕುಡೀಲಿಲ್ಲ.”

“ನನಗೆ ಗೊತ್ತು, ಸಿ ಬೆಲ್ಗಾಸೆಮ್.”

“ನಿಮಗೆ ಗೊತ್ತು. ಜಾಜಿಯಾಗೆ ಗೊತ್ತು. ಮಹ್ರೆಝ್‌ಗೂ ಗೊತ್ತು. ಮತ್ತೆ ನಾನ್ಯಾಕೆ ಕೆಳಗಿದೀನಿ?”

ಡಾಕ್ಟರು ಪರದೆಯ ಕಡೆ ನೋಡಿದರು. ಬೆಲ್ಗಾಸೆಮ್ ನನ್ನ ಕಡೆ ತಿರುಗಿದ. ಬೆರಳಿಗೆ ಹತ್ತಿ ಒತ್ತಿಕೊಂಡು, ಉತ್ತರ ಬರುತ್ತದೆ ಎಂದು ನಿಜವಾಗಿ ನಂಬಿದವನ ಹಾಗೆ ಕಾಯುತ್ತ ಕೂತ. ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ಉತ್ತರ ಕೊಟ್ಟ ಈ ಕೆಟ್ಟ ಬಾಯಿಂದಲೇ ನಾನು ಪಟ್ಟಿ ನೋಡಿ ಮುಂದಿನವರ ಹೆಸರು ಕೂಗಿದೆ.